ಬೋಲ್ಟಿನಡಿಯ ಬಣ್ಣ

ಅದು ೨೦೦೩ನೇ ಇಸವಿ. ಹಿರಿಯೂರಿನಿಂದ ಮದುವೆಯಾಗಿ ಶ್ರೀರಾಂಪುರದ ಹತ್ತಿರದ ಹಳ್ಳಿಗೆ ನಾನು ಬಂದು ನಾಲ್ಕೇ ತಿಂಗಳಾಗಿತ್ತು. ಆಯುಧಪೂಜೆ ಬಂತು. ತೆಂಗಿನ ಸಾಲುಗಳ ನಡುವೆ ಉಳಲು ನಮ್ಮ ಮನೆಯಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ನಮ್ಮ ಮಾವ ಮನೆಯವರಿಗಿಂತ ಅದರ ಜೊತೆಗೇ ಹೆಚ್ಚು ಮಾತಾಡುತ್ತಿದ್ದರು. ನನ್ನ ಹತ್ತಿರ "ಊಟ ಆಯ್ತೇನಮ್ಮ?" ಎನ್ನುವುದು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ನನ್ನಪ್ಪ ಹಿರಿಯೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವರು. ನಾನು ಸೌಟು ಹಿಡಿಯುವ ಮೊದಲೇ ಬ್ರಷ್ ಹಿಡಿದವಳು. ಅತ್ತೆಮನೆಯಲ್ಲಿ ನನ್ನ ಸಾರು ಯಾರಿಗೂ ಹಿಡಿಸಿರಲಿಲ್ಲ. ಬಣ್ಣದಲ್ಲಾದರೂ ಸೈ ಅನ್ನಿಸಿಕೊಳ್ಳೋಣ ಎಂದು, ಹಬ್ಬಕ್ಕೆ ಟ್ರ್ಯಾಕ್ಟರಿಗೆ ನಾನೇ ಬಣ್ಣ ಹೊಡೆಯುತ್ತೇನೆ ಎಂದೆ. ಮಾವ ತಲೆಯಾಡಿಸಿ ಹಸಿರು ಬಣ್ಣದ ಡಬ್ಬಿ ತಂದುಕೊಟ್ಟರು. ಅಪ್ಪ ಯಾವಾಗಲೂ, "ಬೋಲ್ಟಿನ ಅಡಿಗೂ ಬಣ್ಣ ಹೋಗ್ಬೇಕಮ್ಮ, ತುಕ್ಕು ಅಲ್ಲಿಂದ್ಲೇ ಶುರುವಾಗೋದು" ಎನ್ನುತ್ತಿದ್ದರು. ಅದರಂತೆ ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಚ್ಚಿ, ಅಡಿಗೂ ದಪ್ಪಗೆ ಬಳಿದು, ಒಣಗಿದ ಮೇಲೆ ಬಿಗಿದೆ.

ಮಾರನೆಯ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಫಳಫಳ ಹೊಳೆಯುತ್ತಿತ್ತು. ಬಾಳೆಕಂದು ಕಟ್ಟಿದರು, ಚೆಂಡುಹೂವಿನ ಹಾರ ಹಾಕಿದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕುಡುಗೋಲು, ಗುದ್ದಲಿ, ಸ್ಪ್ಯಾನರುಗಳೂ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ಮಂಗಳಾರತಿ ಆದಮೇಲೆ ಮಾವ ಹತ್ತಿ ಕೀ ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ಟಕ್, ಅಷ್ಟೇ.

"ಬ್ಯಾಟ್ರಿ ಇಳಿದೈತೆ ಅಂತ ಕಾಣ್ತೈತೆ" ಎಂದು ನಮ್ಮ ಯಜಮಾನರು ಲೈಟು ಹಾಕಿ ನೋಡಿದರು. ಲೈಟೇನೋ ಚೆನ್ನಾಗಿ ಉರಿಯಿತು, ಕೀ ತಿರುಗಿಸಿದರೆ ಆರಿಹೋಗುತ್ತಿತ್ತು. ಬ್ಯಾಟರಿಯ ಮೇಲೆ ಬಿಸಿನೀರು ಹೊಯ್ದು ಟರ್ಮಿನಲ್ಲು ಉಜ್ಜಿದರು. ಟಕ್. ಪಕ್ಕದ ಮನೆಯವರ ಬ್ಯಾಟರಿ ತಂದು ಕೂರಿಸಿದರು. ಅದಕ್ಕೂ ಟಕ್.

ಜಗಲಿಯ ಮೇಲೆ ಮಾವನ ಅಕ್ಕ ಕೂತಿದ್ದರು. ಹಬ್ಬಕ್ಕೆ ಬಂದವರು. "ಮೊನ್ನೆ ಬೋರಿನ ಮೋಟ್ರು ಸುಟ್ಟೋಯ್ತು. ಈಗ ಹಬ್ಬದ್ ದಿನ ಗಾಡಿ ನಿಂತೈತೆ. ಏನಪ್ಪ ತಮ್ಮ, ಸೊಸೆ ಕಾಲ್ಗುಣ ನೋಡ್ಕಂಡು ತಂದ್ಯೋ ಇಲ್ವೋ?" ಎಂದರು. ಪೂಜೆಗೆ ಸೇರಿದ್ದ ಅಕ್ಕಪಕ್ಕದವರು ತಿರುಗಿ ನನ್ನನ್ನೇ ನೋಡಿದರು. ಆ ಮಾತು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಹಿರಿಯೂರಿನ ನಮ್ಮ ಬೀದಿಯಲ್ಲೇ ಒಬ್ಬಳು ಅದೇ ಮಾತು ಹೊತ್ತುಕೊಂಡು ತವರಿಗೆ ವಾಪಸು ಬಂದಿದ್ದಳು.

ಮಾವ ಕೆಳಗಿಳಿದು ಕುಕ್ಕರಗಾಲಲ್ಲಿ ಕೂತು, ಬ್ಯಾಟರಿಯಿಂದ ಹೊರಟ ಕಪ್ಪು ವೈರನ್ನೇ ಬೆರಳಿನಲ್ಲಿ ಹಿಡಿದುಕೊಂಡು ಹೋದರು. ಅದು ಟ್ರ್ಯಾಕ್ಟರಿನ ಮೈಗೆ ಒಂದು ಬೋಲ್ಟಿನಲ್ಲಿ ಸೇರುತ್ತಿತ್ತು. ಆಗ ನನಗೆ ಹೊಳೆಯಿತು. ಆ ಬೋಲ್ಟನ್ನೂ ನಾನು ಬಿಚ್ಚಿದ್ದೆ. ಬರೀ ಕಬ್ಬಿಣಕ್ಕೆ ತಾಗಿಕೊಂಡಿರಬೇಕಾದ ಅರ್ಥ್ ವೈರಿಗೂ ಕಬ್ಬಿಣಕ್ಕೂ ನಡುವೆ ನನ್ನ ಬಣ್ಣ ಕೂತಿತ್ತು. ಲೈಟಿಗೆ ಸಾಲುವಷ್ಟು ಕರೆಂಟು ಹೇಗೋ ನುಸುಳುತ್ತಿತ್ತು, ಇಂಜಿನ್ ಎಬ್ಬಿಸುವಷ್ಟು ಹರಿಯುತ್ತಿರಲಿಲ್ಲ.

ಮಾವ ಪೂಜೆಗಿಟ್ಟ ಸ್ಪ್ಯಾನರಿಗೇ ಕೈಹಾಕಿದರು. "ಇವತ್ತು ಮುಟ್ಟಬಾರ್ದು ಕಣೋ" ಎಂದು ಅಕ್ಕ ತಡೆದರು. "ಅವು ಇರೋದೇ ಕೆಲ್ಸಕ್ಕೆ ಬಿಡಕ್ಕ" ಎಂದು ಬೋಲ್ಟು ಬಿಚ್ಚಿ, ಹೆಬ್ಬೆರಳ ಉಗುರಿನಲ್ಲಿ ಕೆರೆದರು. ಉಗುರು ಹಸಿರಾಯಿತು. ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಉಗುರುಗಳೂ ಇನ್ನೂ ಹಸಿರಾಗಿಯೇ ಇದ್ದವು. ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಅವರು ತಮ್ಮ ಹೆಬ್ಬೆರಳನ್ನು ಹೆಗಲ ಮೇಲಿನ ಟವೆಲ್ಲಿನೊಳಗೆ ಎಳೆದುಕೊಂಡರು.

ಕುಡುಗೋಲಿನ ತುದಿಯಲ್ಲಿ ಬಣ್ಣ ಕೆರೆದು ತೆಗೆದು, ಬೋಲ್ಟು ಬಿಗಿದು ಎದ್ದು ನಿಂತರು. "ನಂದೇ ತಪ್ಪು. ನಿನ್ನೆ ವೈರ್ ಬಿಚ್ಚಿದ್ದೆ, ಬಿಗಿ ಮಾಡೋದು ಮರ್ತಿದ್ದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಾರಮ್ಮ, ನೀನೇ ಹತ್ತಿ ಕೀ ತಿರುಗ್ಸು" ಎಂದರು.

ಹತ್ತಿ ಕೂತು ತಿರುಗಿಸಿದೆ. ಇಂಜಿನ್ ಒಂದೇ ಸಲಕ್ಕೆ ಗುಡುಗಿಕೊಂಡು ಎದ್ದಿತು. "ನೋಡಕ್ಕ, ನನ್ನ ಕೈಗೆ ಏಳ್ಲಿಲ್ಲ, ಇವಳ ಕೈಗೆ ಎದ್ತು" ಎಂದರು ಮಾವ. ಅಕ್ಕ ಸೆರಗು ಸರಿಮಾಡಿಕೊಂಡು, ಹೋಳಿಗೆ ಆಯಿತೇನೋ ನೋಡಲು ಒಳಗೆ ಹೋದರು.

ಊಟವಾದ ಮೇಲೆ ಕೊಟ್ಟಿಗೆಯ ಹತ್ತಿರ ಮಾವನೊಬ್ಬರೇ ಸಿಕ್ಕರು. "ಮಾವ, ಆ ಬೋಲ್ಟು ನಾನೇ..." ಎನ್ನುವಷ್ಟರಲ್ಲಿ ಅಳು ಬಂತು. "ಬಣ್ಣ ಚೆನ್ನಾಗೈತೆ. ಮುಂದಿನ್ ವರ್ಷನೂ ನೀನೇ ಹೊಡಿ" ಎಂದರು. ಆ ವಿಷಯವಾಗಿ ಅವರು ಆಡಿದ್ದು ಅಷ್ಟೇ. ನಮ್ಮ ಯಜಮಾನರಿಗೂ ಹೇಳಲಿಲ್ಲ.

ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಡಬ್ಬಿ, ಬ್ರಷ್ ತಂದು ನನ್ನ ಕೈಗೆ ಕೊಟ್ಟರು. ಬಗ್ಗಿ ನೋಡಿದರೆ, ಆ ಒಂದು ಬೋಲ್ಟಿಗೆ ಹಳೆಯ ಟವೆಲ್ಲಿನ ಚೂರು ಸುತ್ತಿತ್ತು. ಆಮೇಲೆ ಪ್ರತಿವರ್ಷವೂ ಹಾಗೆಯೇ.

ಮಾವ ತೀರಿಹೋದ ವರ್ಷ ಡಬ್ಬಿ ಹಿಡಿದು ಬಗ್ಗಿದಾಗ ಬೋಲ್ಟು ಬರಿದಾಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಅಪ್ಪ ನನಗೆ ಬಣ್ಣ ಹೊಡೆಯುವುದನ್ನು ಕಲಿಸಿದ್ದರು, ಎಲ್ಲಿ ಹೊಡೆಯಬಾರದು ಎಂಬುದನ್ನು ಕಲಿಸಿದವರು ಮಾವ. ಒಳಗೆ ಹೋಗಿ ಗೂಟದಲ್ಲಿ ನೇತಾಡುತ್ತಿದ್ದ ಅವರ ಟವೆಲ್ಲಿನ ಅಂಚು ಹರಿದು ತಂದು, ಬೋಲ್ಟಿಗೆ ಸುತ್ತಿದೆ. ಆಮೇಲೆ ಬ್ರಷ್ ಅದ್ದಿದೆ.