ಟೀಚರಮ್ಮನ ಕಾರಿನ ಕಪ್ಪು ಹೊಗೆ

2022ರ ಬೇಸಿಗೆಯ ಮಾತು. ಶ್ರೀನಿವಾಸಪುರದಲ್ಲಿ ನಾನು ಗ್ಯಾರೇಜ್ ಇಟ್ಟು ಆಗ ಇಪ್ಪತ್ತೇಳು ವರ್ಷವಾಗಿತ್ತು. ವಯಸ್ಸು ಐವತ್ತೆಂಟು, ಎರಡೂ ಮಂಡಿಯಲ್ಲಿ ನೋವು. ಹೊಸ ಕಾರುಗಳ ರೋಗವನ್ನು ಕಂಪ್ಯೂಟರೇ ಹೇಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಕಾರು ಬಂದರೆ ಮಾತ್ರ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಿಜ ಹೇಳಬೇಕೆಂದರೆ, ಬರದಿದ್ದರೂ ಸಾಕಪ್ಪಾ ಎನ್ನುವಷ್ಟು ದಣಿದಿದ್ದೆ.

ಒಂದು ಸೋಮವಾರ ಬೆಳಿಗ್ಗೆ ರಾಯಲ್ಪಾಡಿನಿಂದ ಪದ್ಮಾವತಮ್ಮ ತಮ್ಮ ನೀಲಿ ಕಾರು ಓಡಿಸಿಕೊಂಡು ಬಂದರು. ನಿವೃತ್ತ ಹಿಂದಿ ಟೀಚರ್. ಕಾರು ನಿಲ್ಲುವ ಮೊದಲೇ ಅದರ ಹಿಂದೆ ಕಪ್ಪು ಹೊಗೆ ಬೀದಿ ತುಂಬಿತ್ತು. ಪಕ್ಕದ ಹೋಟೆಲಿನವನು ಬೈದುಕೊಳ್ಳುತ್ತಾ ಶಟರ್ ಅರ್ಧ ಎಳೆದುಕೊಂಡ. ಕಾರಿನ ನೋಂದಣಿ ನವೀಕರಿಸಬೇಕಿತ್ತು, ಅದಕ್ಕೆ ಎಮಿಷನ್ ಸರ್ಟಿಫಿಕೇಟ್ ಬೇಕು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ ಮೂರರ ಒಳಗಿರಬೇಕು. ಟೀಚರಮ್ಮ ಕೈಗಿತ್ತ ಚೀಟಿಯಲ್ಲಿ ಏಳು ದಾಟಿತ್ತು.

ನಾನು ಬಾನೆಟ್ ಎತ್ತಲಿಲ್ಲ. ಎಂದಿನಂತೆ ಮೊದಲು ಕೇಳಿದ್ದು ಇಷ್ಟೇ: "ಯಾರ್ ಕೈ ಹಾಕಿದ್ದು ಮೇಡಂ ಇದಕ್ಕೆ?"

"ನಮ್ ರೆಡ್ಡೆಪ್ಪ. ಎರಡು ತಿಂಗಳ ಹಿಂದೆ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡ್ಕೊಟ್ಟ. ನನ್ ಸ್ಟೂಡೆಂಟೇ ಕಣಪ್ಪ ಅವ್ನು."

"ಅದಕ್ಕೇ ಮತ್ತೆ. ಹಾಳ್ ಮಾಡಿಟ್ಟಿದಾನೆ."

ಈ ಮಾತನ್ನು ನಾನು ಸಾವಿರ ಸಲ ಆಡಿರಬಹುದು. ನಮ್ಮ ಕಸುಬಿನಲ್ಲಿ ಎಲ್ಲರೂ ಆಡುತ್ತಾರೆ. ಗಾಡಿ ಬಂದರೆ ಮೊದಲು ಹಿಂದಿನ ಮೆಕ್ಯಾನಿಕ್‌ಗೆ ಒಂದು ಮಾತು, ಆಮೇಲೆ ಸ್ಪ್ಯಾನರ್. ನನ್ನ ಬಳಿಯಿಂದ ಹೋದ ಗಾಡಿಗಳ ಬಗ್ಗೆಯೂ ಕೋಲಾರದಲ್ಲಿ, ಮುಳಬಾಗಿಲಿನಲ್ಲಿ ಇದೇ ಮಾತು ಬರುತ್ತಿತ್ತೆಂದು ನನಗೆ ಗೊತ್ತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಟೀಚರಮ್ಮ ಈ ಕಸುಬಿನವರಲ್ಲ, ಹೇಳಿದ್ದನ್ನು ಹೇಳಿದಂತೆಯೇ ನಂಬಿದರು.

ನನ್ನ ಎದುರಿಗೇ ಫೋನ್ ತೆಗೆದರು. "ರೆಡ್ಡೆಪ್ಪ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಕಣೋ. ನನ್ಗೇ ಹಿಂಗ್ ಮಾಡ್ದಲ್ಲ! ಇನ್ಮೇಲೆ ನಮ್ ಮನೆ ಕಡೆ ತಲೆ ಹಾಕ್ಬೇಡ." ಆ ಕಡೆಯಿಂದ "ಸರಿ ಮೇಡಂ" ಎಂದಷ್ಟೇ ಕೇಳಿಸಿತು. ಅವರ ಮನೆಯ ಮೋಟರು, ಮಿಕ್ಸಿ, ಬೋರಿನ ಸ್ಟಾರ್ಟರ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವನೇ ಎಂದು ಆಮೇಲೆ ಅವರೇ ಹೇಳಿದರು. ಹೇಳುವಾಗ ಕಣ್ಣೊರೆಸಿಕೊಂಡರು. ನಾನು ತಡೆಯಬಹುದಿತ್ತು. ಅಷ್ಟು ಮಾತಾಡಲೂ ಬೇಸರವಾಗಿ ಸುಮ್ಮನೆ ಕಾರನ್ನು ಒಳಕ್ಕೆ ತಳ್ಳಿಸಿದೆ.

ಪೆಟ್ರೋಲ್ ಕಾರು ಕಪ್ಪು ಹೊಗೆ ಉಗುಳಿದರೆ ಅದು ಕುಡಿಯಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ ಎಂದರ್ಥ. ಒಂದೋ ಗಾಳಿ ಸಾಲುತ್ತಿಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿ ಸುರಿಯುತ್ತಿದೆ. ಮೊದಲ ದಿನ ಏರ್ ಫಿಲ್ಟರ್ ತೆಗೆದೆ, ಸ್ವಚ್ಛವಾಗಿತ್ತು. ಗಾಳಿ ತಡೆಯುವ ಚೋಕ್‌ನ ಕೇಬಲ್ ಸರಾಗವಾಗಿ ಹಿಂದಕ್ಕೆ ಹೋಗುತ್ತಿತ್ತು. ಸ್ಪಾರ್ಕ್ ಪ್ಲಗ್ ನಾಲ್ಕೂ ಮಸಿ ಹಿಡಿದಿದ್ದವು. ಅದು ರೋಗದ ಗುರುತೇ ಹೊರತು ಕಾರಣವಲ್ಲ. ಮಂಗಳವಾರ ಕಾರ್ಬುರೇಟರ್ ಇಳಿಸಿ ಬಿಚ್ಚಿದೆ.

ಬಿಚ್ಚಿದಾಗಲೇ ಮುಜುಗರ ಶುರುವಾಯಿತು. ರೆಡ್ಡೆಪ್ಪನ ಕೆಲಸ ಅಷ್ಟು ಚೊಕ್ಕವಾಗಿತ್ತು. ಹೊಸ ಗ್ಯಾಸ್ಕೆಟ್, ಪೆಟ್ರೋಲ್ ಚಿಮ್ಮಿಸುವ ಜೆಟ್‌ಗಳ ತೂತುಗಳಲ್ಲಿ ಕಸವಿಲ್ಲ, ಒಂದು ಸ್ಕ್ರೂವಿನ ತಲೆಯೂ ಸವೆದಿರಲಿಲ್ಲ. ಉಳಿದದ್ದು ಫ್ಲೋಟ್. ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಟೊಳ್ಳು ಡಬ್ಬಿ ಅದು. ಬಟ್ಟಲು ತುಂಬುತ್ತಿದ್ದಂತೆ ಮೇಲೇರಿ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುತ್ತದೆ. ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಕುಲುಕಾಡಿತು. ತೂತಾಗಿ ಒಳಗೆ ತುಂಬಿಕೊಂಡು ಭಾರವಾಗಿತ್ತು, ಹಾಗಾಗಿ ಮೇಲೇಳುತ್ತಿರಲಿಲ್ಲ, ದಾರಿ ಮುಚ್ಚುತ್ತಿರಲಿಲ್ಲ.

ತಿರುಗಿಸಿ ನೋಡಿದೆ. ಅಡಿಯಲ್ಲಿ ಹಳೆಯ ಬೆಸುಗೆ, ಅದರ ಅಂಚು ಬಿರುಕು ಬಿಟ್ಟಿತ್ತು. ಬೆಸುಗೆಯ ಪಕ್ಕದಲ್ಲಿ ಸೂಜಿಯಿಂದ ಗೀಚಿದ ಪುಟ್ಟ ಸೊನ್ನೆ.

ಆ ಸೊನ್ನೆ ನನ್ನದು. ಬೆಸುಗೆ ಹಾಕಿದ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರದಿದ್ದರೆ ಪಾಸಾಯಿತೆಂದು ನಾನು ಹಾಕುವ ಗುರುತು, ಸುತ್ತಲಿನ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವಂಥದ್ದು. ಆಗ ನೆನಪಾಯಿತು. ಆರು ವರ್ಷದ ಹಿಂದೆ ಈ ಕಾರು ಬಿಳಿ ಬಣ್ಣದ್ದು, ಒಬ್ಬ ಡಾಕ್ಟರದ್ದು. ಹೊಸ ಫ್ಲೋಟ್ ಸಿಗುವವರೆಗೆ ಎಂದು ಬೆಸುಗೆ ಹಾಕಿ ಕೊಟ್ಟಿದ್ದೆ. ಹೊಸದನ್ನು ತರಿಸಲೇ ಇಲ್ಲ. ತಾತ್ಕಾಲಿಕ ಕೆಲಸಕ್ಕೆ ಪಾಸ್ ಗುರುತು ಹಾಕಿ ಮರೆತುಬಿಟ್ಟಿದ್ದೆ.

ಫ್ಲೋಟನ್ನು ಡ್ರಾಯರಿಗೆ ಹಾಕಿ ಇಡೀ ದಿನ ಬೇರೆ ಕೆಲಸ ಮಾಡಿದೆ. ಹೊಸದನ್ನು ಕೂರಿಸಿ ಕಳಿಸಿದರೆ ಮುಗಿಯಿತು, ಟೀಚರಮ್ಮನಿಗೆ ಸೊನ್ನೆ ಏನು ಗೊತ್ತು? ಈ ವಯಸ್ಸಿನಲ್ಲಿ ಮುಖಕ್ಕೆ ಮಸಿ ಬಳಿದುಕೊಳ್ಳುವುದು ಯಾರಿಗೆ ಬೇಕು? ಹೀಗೆಲ್ಲ ಯೋಚಿಸಿದ್ದು ನಿಜ. ಆದರೆ ಫೋನಿನಲ್ಲಿ ಕೇಳಿದ ಆ "ಸರಿ ಮೇಡಂ" ಊಟಕ್ಕೆ ಕೂತಾಗಲೂ ಬಿಡಲಿಲ್ಲ. ನಾಚಿಕೆಯಾಯಿತು.

ಕೋಲಾರದಿಂದ ಹೊಸ ಫ್ಲೋಟ್ ತರಿಸಿ ಹಾಕಿದೆ. ಗುರುವಾರ ಟೀಚರಮ್ಮನ ಎದುರಿಗೇ ಟೆಸ್ಟ್ ಮಾಡಿಸಿದೆ. 2.3 ಬಂತು, ಹೊಗೆ ಇರಲಿಲ್ಲ. ಅವರು ಖುಷಿಯಿಂದ ನನ್ನನ್ನು ಹೊಗಳತೊಡಗಿದಾಗ ಹಳೆಯ ಫ್ಲೋಟನ್ನು ಅವರ ಕೈಗಿಟ್ಟು ಹೇಳಿದೆ: "ತಪ್ಪು ರೆಡ್ಡೆಪ್ಪಂದಲ್ಲ ಮೇಡಂ. ನಂದು." ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವರು ಫ್ಲೋಟನ್ನು ತಿರುಗಿಸಿ ಸೊನ್ನೆಯನ್ನು ನೋಡಿದರು. ಆಮೇಲೆ "ಹತ್ತಪ್ಪ ಕಾರು. ಅವ್ನ್ ಎದುರಿಗೇ ಹೇಳುವಂತೆ" ಎಂದರು.

ರಾಯಲ್ಪಾಡಿನಲ್ಲಿ ರೆಡ್ಡೆಪ್ಪನದು ತಗಡಿನ ಒಂದು ಶೆಡ್. ನಮ್ಮನ್ನು ಕಂಡವನೇ ಕೈ ಒರೆಸಿಕೊಂಡು ಎದ್ದು, "ರಾಂಡಿ ಅಣ್ಣಾ, ಬನ್ನಿ" ಎಂದು ತೆಲುಗು ಬೆರೆಸಿ ಕರೆದು ಸ್ಟೂಲ್ ಎಳೆದ. ಟೀಚರಮ್ಮನ ಮುಖ ಮಾತ್ರ ನೋಡಲಿಲ್ಲ. ನಾನು ಕೂರದೆ, ಫ್ಲೋಟ್ ತೋರಿಸಿ ತಪ್ಪಾಯಿತೆಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ನಾನು ಬಿಚ್ಚಿದಾಗ್ಲೇ ನೋಡಿದ್ದೆ ಅಣ್ಣಾ ಈ ಸೊನ್ನೇನ."

"ಮತ್ತೆ ಅಲ್ಲಾಡಿಸಿ ನೋಡ್ಲಿಲ್ವೇನಪ್ಪ?"

"ಬೇರೇವ್ರದ್ದಾಗಿದ್ರೆ ನೋಡ್ತಿದ್ದೆ. ನಿಮ್ ಸೊನ್ನೆ ಇತ್ತಲ್ಲ, ಇನ್ನೇನ್ ನೋಡೋದು ಅಂತ ಹಂಗೇ ಕೂರಿಸ್ದೆ."

ಟೀಚರಮ್ಮ ಅವನ ಭುಜದ ಮೇಲೆ ಕೈಯಿಟ್ಟು, "ಅವತ್ತು ಫೋನಲ್ಲೇ ಬಾಯಿ ಬಿಡೋದಲ್ವೇನೋ" ಎಂದು ಗದರಿ, ಕಾರಿನ ಕೀಲಿಯನ್ನು ಅವನ ಕೈಗೆ ಕೊಟ್ಟರು. ಆವತ್ತಿನಿಂದ ಆ ಕಾರನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ. ನಾನು ಬಸ್ಸಿನಲ್ಲಿ ವಾಪಸ್ಸಾದೆ.

ಇಪ್ಪತ್ತೇಳು ವರ್ಷ ಕಲಿಸದ್ದನ್ನು ಆ ಒಂದು ವಾರ ಕಲಿಸಿತು. ಬಾನೆಟ್ ಎತ್ತುವ ಮೊದಲು ಮೆಕ್ಯಾನಿಕ್ ಬಾಯಿ ತೆರೆಯಬಾರದು. ಈಗಲೂ ಗಾಡಿ ಬಂದ ಕೂಡಲೇ ಅದೇ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಯಾರೋ ನನ್ನ ಕೆಲಸವನ್ನು ನೋಡದೆಯೇ ನಂಬಿದ್ದ, ನಾನು ಅವನ ಕೆಲಸವನ್ನು ನೋಡದೆಯೇ ಹಳಿದಿದ್ದೆ ಎಂಬುದು ನೆನಪಾಗಿ ನುಂಗಿಕೊಳ್ಳುತ್ತೇನೆ.