ದೊಡ್ಡಮ್ಮ ಕಟ್ಟಿದ ಒಲೆ

ಮೊನ್ನೆ ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ಹೆದ್ದಾರಿ ಪಕ್ಕದ ಹೋಟೆಲೊಂದರ ಹಿಂಬದಿಯಿಂದ ಬರುತ್ತಿದ್ದೆ. ಪಾತ್ರೆ ತೊಳೆಯುವ ನೀರು ಕಾಯಿಸಲು ಯಾರೋ ಅರೆಹಸಿ ಕಾಯಿಮಟ್ಟೆಗೆ ಬೆಂಕಿ ಹಚ್ಚಿದ್ದರು. ಹುಳಿಹುಳಿಯಾದ, ಗಂಟಲಲ್ಲಿ ಕೂತುಬಿಡುವ ಹೊಗೆ. ಕೆಲಸ ಮುಗಿಯಿತೆಂದು ಕಾಣುತ್ತದೆ, ಒಬ್ಬ ಹೆಂಗಸು ಬಂದು ಒಲೆಯ ಮೇಲೆ ಬಕೆಟ್ ನೀರು ಸುರಿದಳು. ಕಾದ ಬೂದಿಯ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದದ್ದೇ ನನ್ನ ಕಾಲು ಅಲ್ಲೇ ನಿಂತವು. ನಿಮಗೂ ಇಂಥ ಒಂದು ವಾಸನೆ ಇರಬಹುದು, ಎಲ್ಲೇ ಇದ್ದರೂ ಕತ್ತಿನ ಪಟ್ಟಿ ಹಿಡಿದು ಹಳೆಯ ಮನೆಯೊಳಕ್ಕೆ ಎಳೆದುಕೊಂಡು ಹೋಗುವಂಥದ್ದು. ನನಗೆ ಅದು ಸಿ.ಎಸ್. ಪುರದ ಹತ್ತಿರವಿದ್ದ ನಮ್ಮ ಮನೆಯ, ಎಪ್ಪತ್ತರ ದಶಕದ ಒಂದು ಬೆಳಗಿನ ವಾಸನೆ. ಆಗ ನನಗೆ ಏಳು ವರ್ಷ.

ಆ ಮನೆಯಲ್ಲಿ ಹನ್ನೊಂದು ಜನ. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಯಜಮಾನಿಕೆ ಎಲ್ಲ ತಾತನದು. ತಾತನ ಕೈ ಮಾತಿಗಿಂತ ಮೊದಲು ಏಳುತ್ತಿತ್ತು. ಎತ್ತು ಸಾಲು ತಪ್ಪಿದರೆ ಬಾರುಕೋಲಿನ ಏಟು ಎತ್ತಿಗೂ ಬೀಳುತ್ತಿತ್ತು, ಅದನ್ನು ಹೂಡಿದ ಮಗನಿಗೂ ಬೀಳುತ್ತಿತ್ತು. ಒಮ್ಮೆ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಉಣ್ಣುತ್ತಿದ್ದ ಕಂಚಿನ ಗಂಗಳವನ್ನೇ ಬೀಸಿ ಒಗೆದ. ಅದು ನಮ್ಮವ್ವನ ಮೊಣಕೈಗೆ ತಗುಲಿ, ಆ ಕೈ ಕೊನೆಯವರೆಗೂ ಪೂರ್ತಿ ಮಡಚಲು ಬರಲಿಲ್ಲ. ತಾತನಿಂದ ತಿಂದದ್ದನ್ನು ದೊಡ್ಡಪ್ಪ ದೊಡ್ಡಮ್ಮನ ಮೇಲೆ ತೀರಿಸಿಕೊಳ್ಳುತ್ತಿದ್ದ. ನಮ್ಮಪ್ಪ ಹೊಡೆಯುತ್ತಿರಲಿಲ್ಲ, ಬಿಡಿಸುತ್ತಲೂ ಇರಲಿಲ್ಲ. ಯಾರಿಗಾದರೂ ಏಟು ಬೀಳುವಾಗ ಹೊಸ್ತಿಲ ಮೇಲೆ ನಿಂತು ಸೂರಿನ ಹೆಂಚು ನೋಡುತ್ತಿದ್ದ. ಹೊರಗಿಂದ ಬಂದ ತಾತ ತಲೆಯ ವಸ್ತ್ರವನ್ನು ಮಡಚಿ ಇಡುತ್ತಾನೋ ಎಸೆಯುತ್ತಾನೋ ಎಂದು ನೋಡಿ ನಾವು ಮಕ್ಕಳು ಕೂರುವ ಜಾಗ ಆರಿಸಿಕೊಳ್ಳುತ್ತಿದ್ದೆವು.

ಹೆಂಗಸರೆಂದರೆ ಇಬ್ಬರೇ. ದೊಡ್ಡಮ್ಮ ಗೌರಮ್ಮ ಕುಣಿಗಲ್ ಕಡೆಯವಳು. ಅವಳಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವನು. ನಮ್ಮವ್ವ ಲಕ್ಷ್ಮಮ್ಮ ಗುಬ್ಬಿಯ ಹತ್ತಿರದವಳು. ಓರಗಿತ್ತಿಯರಾದರೂ ಒಡಹುಟ್ಟಿದವರ ಹಾಗಿದ್ದರು. ಒಬ್ಬಳ ಬೆನ್ನಿನ ಬಾಸುಂಡೆಗೆ ಇನ್ನೊಬ್ಬಳು ಹರಳೆಣ್ಣೆ ಹಚ್ಚುತ್ತಿದ್ದಳು, ಹಚ್ಚುತ್ತಾ ಇಬ್ಬರೂ ಏನೋ ನೆನೆಸಿಕೊಂಡು ನಗುತ್ತಿದ್ದರು. ಅಡುಗೆ ಒಲೆ ಅವ್ವನದು, ಬಚ್ಚಲ ಹಂಡೆಯ ಒಲೆ ದೊಡ್ಡಮ್ಮನದು. ಹಂಡೆ ಬಚ್ಚಲಿನೊಳಗಿದ್ದರೆ ಅದರ ಒಲೆಯ ಬಾಯಿ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕತ್ತಲೆ ಓಣಿಯಲ್ಲಿತ್ತು. ಗಂಡಸರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಉರಿ ಅರ್ಧಕ್ಕರ್ಧ ಬಾಯಿಂದಲೇ ಹೊರಗೆ ನುಗ್ಗುತ್ತಿತ್ತು, ಹೊಗೆಯೆಲ್ಲ ಅಡುಗೆಮನೆಗೆ ಬರುತ್ತಿತ್ತು. ತಾತನಿಗೆ ಮಾತ್ರ ಬೆಳಗಾಗುತ್ತಲೇ ಮೈ ಕೆಂಪಾಗುವಂಥ ನೀರು ಬೇಕು.

ತೋಟವಿದ್ದ ಮನೆಗೆ ಉರುವಲಿನ ಬರವೇ ಎಂದು ನೀವು ಕೇಳಬಹುದು. ತಾತ ಕಾಯಿಮಟ್ಟೆಯನ್ನೆಲ್ಲ ನಾರಿನ ಮಿಲ್ಲಿಗೆ ಮಾರಿಬಿಡುತ್ತಿದ್ದ. ಉಳಿದ ಗರಿ ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ. ಅವ್ವ, ದೊಡ್ಡಮ್ಮ ಬದುಬದು ಅಲೆದು ಜಾಲಿ ಮುಳ್ಳು ಕಡಿದು ತರುತ್ತಿದ್ದರು. ಒಂದು ದಿನ ಪಕ್ಕದ ಹೊಲದವನು ತನ್ನ ಬದುವಿನಲ್ಲಿ ಮುಳ್ಳು ಕಡಿದರೆಂದು ದೊಡ್ಡಮ್ಮನ ಕೈಯಿಂದ ಮಚ್ಚು ಕಿತ್ತುಕೊಂಡು, ಅದರ ಹಿಡಿಯಿಂದ ಅವಳ ಹಣೆ ಒಡೆದ. ರಕ್ತ ಸುರಿಸಿಕೊಂಡು ಮನೆಗೆ ಬಂದರೆ, ಬರಿಗೈಲಿ ಬಂದಳೆಂದು ದೊಡ್ಡಪ್ಪ ಹೊಡೆದ. ಮಾರನೆಯ ಬೆಳಗ್ಗೆ ನೀರು ಕಾಯಲಿಲ್ಲವೆಂದು ತಾತ ಚೊಂಬಿನಲ್ಲಿ ಬೆನ್ನಿಗೆ ಹೊಡೆದ. ಅವತ್ತು ಅರಿಸಿನ ಹಚ್ಚುತ್ತಿದ್ದ ಅವ್ವನಿಗೆ ದೊಡ್ಡಮ್ಮ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ತಪ್ಪೆಲ್ಲಾ ಒಲೇದು ಕಣೇ ಲಕ್ಷ್ಮಿ. ಉರಿ ಹಂಡೆಗೆ ತಗುಲೋದೆಲ್ಲಿ ಬಂತು? ಆಚೀಕೆ ಓಡೋಯ್ತದೆ. ನಮ್ಮಪ್ಪನ ಆಲೆ ಒಲೇಲಿ ಉರಿ ಹೇಳಿದ್ ಕಡೆ ಹೋಗೋದು."

ಅಲ್ಲಿಂದ ಅವಳಿಗೆ ಅದೇ ಧ್ಯಾನವಾಯಿತು. ಹುಲ್ಲಿನ ಬಣವೆಯ ಹಿಂದೆ, ತಳ ಸುಟ್ಟ ತಪ್ಪಲೆಯೊಂದಕ್ಕೆ ಪುಟ್ಟ ಒಲೆ ಕಟ್ಟಿದಳು. ಹುತ್ತದ ಮಣ್ಣು, ರಾಗಿ ಹೊಟ್ಟು, ಸಗಣಿ, ಒಂದಿಷ್ಟು ಬೆಲ್ಲದ ನೀರು ಹಾಕಿ ತುಳಿದ ಮಣ್ಣು. ತಪ್ಪಲೆಯನ್ನು ಒಲೆಯ ಮೇಲೆ ಕೂರಿಸದೆ ಮುಕ್ಕಾಲು ಭಾಗ ಒಳಕ್ಕೆ ಇಳಿಬಿಟ್ಟು ಸುತ್ತ ಉರಿ ಓಡಲು ಸಂದು ಬಿಟ್ಟಳು. ಮೊದಲು ನಾಲ್ಕು ಬೆರಳಿನ ಸಂದು ಬಿಟ್ಟಾಗ ಉರಿ ಸೋಮಾರಿಯಾಗಿ ಮೇಲೆದ್ದು ಹೋಯಿತು. ಒಂದು ಬೆರಳಿಗೆ ಇಳಿಸಿದಾಗ ಭಗ್ಗೆಂದು ಬಾಯಿಗೆ ವಾಪಸು ಬಂದು ಅವಳ ಹುಬ್ಬು ಸುಟ್ಟಿತು. ಎರಡು ಬೆರಳಿಗೆ ಸರಿಹೋಯಿತು. ಆಮೇಲೆ ಸಂದಿನಲ್ಲಿ ಉರಿಗೆ ಅಡ್ಡವಾಗಿ ಮಣ್ಣಿನ ಏಣು ಕಟ್ಟಿ, ಉರಿ ತಪ್ಪಲೆಗೆ ಒಂದು ಸುತ್ತು ಹಾಕಿಯೇ ಹಿಂದಿನ ಕಿಂಡಿಯಿಂದ ಹೋಗುವ ಹಾಗೆ ಮಾಡಿದಳು. ಮುರಿದ ಗಾಡಿಯ ಕಬ್ಬಿಣದ ಪಟ್ಟಿಗಳನ್ನು ತಳಕ್ಕೆ ಅಡ್ಡ ಹಾಕಿದಳು; ಬೂದಿ ಕೆಳಗೆ ಬೀಳುತ್ತಿತ್ತು, ಗಾಳಿ ಕೆಳಗಿಂದ ಏಳುತ್ತಿತ್ತು. ಮೊದಮೊದಲು ಪ್ರತಿಸಲವೂ ಗರಿಯ ಬುಡದ ಹತ್ತು ದಿಂಡು, ಅಳೆದು ಅಷ್ಟೇ ನೀರು. ಬೆರಳಿಡಲು ಆಗದಷ್ಟು ಕಾಯುವವರೆಗೆ ಅವ್ವ ಎಣಿಸಬೇಕು. ಎಣಿಕೆ ಕಡಿಮೆಯಾದ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ನಾಲ್ಕೇ ದಿಂಡಿಗೆ ನೀರು ಕುದಿಯಿತು.

ಗಂಡಸರೆಲ್ಲ ನೆಂಟರ ಮದುವೆಗೆಂದು ಮೂರು ದಿನ ಕುಣಿಗಲ್ಲಿಗೆ ಹೋದರು. ಹೊಗೆ ಹೋಗಲು ಓಣಿಯ ಹಿಂಗೋಡೆಗೆ ತೂತು ಹೊಡೆಯಬೇಕಿತ್ತು. ಅದು ತಾತನ ಅಪ್ಪ ಕಟ್ಟಿದ್ದ ಗೋಡೆ.

"ಅಕ್ಕ, ಮಾವಂಗೆ ಗೊತ್ತಾದ್ರೆ?" ಎಂದಳು ಅವ್ವ.

"ಗೊತ್ತಾದ್ರೆ ಹೊಡೀತಾರೆ. ಸೌದೆ ಇಲ್ದಿದ್ರೂ ಹೊಡೀತಾರೆ. ಎಂಗಿದ್ರೂ ತಿನ್ನೋ ಏಟು, ನೀರಾದ್ರೂ ಕಾಯ್ಲಿ ಬುಡು."

ಮೂರು ದಿನದಲ್ಲಿ ಒಲೆ ಎದ್ದಿತು; ಕಾಯಲು ಪುರುಸೊತ್ತಿಲ್ಲದೆ ಹಸಿ ಮಣ್ಣನ್ನು ಸಣ್ಣ ಉರಿಯಲ್ಲೇ ಒಣಗಿಸಿದರು. ಬಚ್ಚಲಿನ ಕಡೆಯಿಂದ ನೋಡಿದರೆ ಹಂಡೆ ಮೊದಲು ಹೇಗಿತ್ತೋ ಹಾಗೇ. ತೂತಿಗೆ ತಳ ಒಡೆದ ಗಡಿಗೆಗಳನ್ನು ಒಂದಕ್ಕೊಂದು ಸೇರಿಸಿ ಕೊಳವೆ ಮಾಡಿ, ಹಿತ್ತಲಿನ ಕಡೆ ಕಾಣದಂತೆ ಗರಿಯ ಹೊರೆ ಒರಗಿಸಿದರು. ತಾತ ವಾಪಸು ಬಂದು ಮಿಂದ. ನೀರು ಸುಡುತ್ತಿತ್ತು. ಅವತ್ತಿಂದ ಸುಮಾರು ಇಪ್ಪತ್ತು ದಿನ ಆ ಮನೆಯಲ್ಲಿ ನೀರಿಗಾಗಿ ಯಾರಿಗೂ ಏಟು ಬೀಳಲಿಲ್ಲ. ಅಡುಗೆಮನೆಯಲ್ಲಿ ಕೂತರೆ ಎದುರಿನ ಗೋಡೆ ಕಾಣುತ್ತಿತ್ತು. ಕಣ್ಣು ಕೆಂಪಿಲ್ಲದ ಅವ್ವನ ಮುಖವನ್ನು ನಾನು ಮೊದಲು ಕಂಡದ್ದು ಆಗಲೇ.

ಒಂದು ಸಂಜೆ ತಾತ ನನ್ನನ್ನು ಕರೆದ. ಅದುವರೆಗೆ ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ಅವತ್ತು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹೋಳು ಕೊಬ್ಬರಿ, ಒಂದು ಉಂಡೆ ಬೆಲ್ಲ ಕೊಟ್ಟ. "ಏನ್ಲೇ ಜಯಿ, ಸೌದೆ ಯಾಕೆ ಹಂಗೇ ಬಿದ್ದೈತೆ? ನಿಮ್ಮ ದೊಡ್ಡಮ್ಮ ಏನ್ ಮಂತ್ರ ಹಾಕವ್ಳೆ?" ಅವನು ನಗುತ್ತಿದ್ದ. ಹೆದರಿಕೆಯಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ನಾನು ಜಂಬದಿಂದ ಹೇಳಿದೆ. "ದೊಡ್ಡಮ್ಮ ಹೊಸಾ ಒಲೆ ಕಟ್ಟವ್ಳೆ ತಾತ. ಗೋಡೆಗೆ ತೂತ ಹೊಡ್ದು ಹೊಗೆ ಆಚೀಕೆ ಬುಟ್ಟವ್ಳೆ." ತಾತ ನನ್ನ ತಲೆ ಸವರಿದ. ಇನ್ನೊಂದು ಹೋಳು ಕೊಬ್ಬರಿ ಕೊಟ್ಟ.

ಮಾರನೆಯ ಬೆಳಗ್ಗೆ ಅವನು ಕೂಗಾಡಲಿಲ್ಲ. ಕೊಟ್ಟಿಗೆಯಿಂದ ಹಾರೆ ತಂದು ಸೀದಾ ಓಣಿಗೆ ನಡೆದ. ಒಲೆ ಉರಿಯುತ್ತಿತ್ತು, ಹಂಡೆಯ ನೀರು ಕುದಿಯುತ್ತಿತ್ತು. ಮೊದಲ ಏಟಿಗೆ ಒಲೆಯ ಬಾಯಿ ಒಡೆಯಿತು. ಎರಡನೆಯ ಏಟು ಬೀಳುವಷ್ಟರಲ್ಲಿ ದೊಡ್ಡಮ್ಮ ಅಡ್ಡ ಹೋಗಿ ಒಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಕಾದ ಮಣ್ಣಿಗೆ ಅವಳ ತೋಳಿನ ಚರ್ಮ ಅಂಟಿತು. ಹಿಂದೆಯೇ ಬಂದ ದೊಡ್ಡಪ್ಪ ಅವಳ ಕೂದಲು ಹಿಡಿದು ಎಳೆದು, ಅಲ್ಲೇ ಬಿದ್ದಿದ್ದ ಕಬ್ಬಿಣದ ಊದುಗೊಳವೆ ಎತ್ತಿಕೊಂಡ. "ನಮ್ಮ ತಾತ ಕಟ್ಟಿದ ಗೋಡೆ. ಯಾರನ್ನ ಕೇಳಿ ತೂತ ಹೊಡ್ದೆ?" ಒಂದೊಂದು ಮಾತಿಗೆ ಒಂದೊಂದು ಏಟು. ಕೊನೆಯದು ಎಡಗಿವಿಯ ಮೇಲೆ ಬಿತ್ತು. ಅದೇ ಹೊತ್ತಿಗೆ ಹಾರೆಯ ಏಟಿಗೆ ಕಟ್ಟೆ ಕುಸಿದು ಹಂಡೆ ಮಗುಚಿತು. ಕುದಿಯುವ ನೀರು ಕೆಂಡದ ಮೇಲೆ ಹರಿದು, ಬೂದಿಯ ಆವಿ ಓಣಿ ತುಂಬಿ, ಯಾರಿಗೆ ಯಾರೂ ಕಾಣದ ಹಾಗಾಯಿತು. ಆವಿಯೊಳಗಿಂದ ದೊಡ್ಡಮ್ಮನ ಕೂಗು ಬಂತು. ಅಪ್ಪ ಹೊಸ್ತಿಲ ಮೇಲೆ ನಿಂತಿದ್ದ.

ಆವಿ ಇಳಿದಾಗ ಅವಳು ಗೋಡೆಗೆ ಒರಗಿದ್ದಳು. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ತಾತ ಹಾರೆ ಒರಗಿಸಿ ಹೇಳಿದ, "ಈ ಮನೇಲಿ ಒಬ್ಬಳಾದ್ರೂ ನಿಯತ್ತಿರೋಳು ಇದ್ಲಲ್ಲ, ನಂಗೆ ಹೇಳಿದ್ಲು. ಇಲ್ದಿದ್ರೆ ಮನೇನೇ ಕೆಡವಿರೋಳು ನೀನು." ದೊಡ್ಡಮ್ಮ ತಲೆ ಎತ್ತಿ ನಮ್ಮವ್ವನನ್ನು ನೋಡಿದಳು. ಅವ್ವ ಬಾಯಿ ತೆರೆದವಳು ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. ಹಿಂದಿನ ಸಂಜೆ ಜಗಲಿಯಿಂದ ಕೊಬ್ಬರಿ ತಿನ್ನುತ್ತಾ ಒಳಗೆ ಬಂದಾಗ ನನ್ನ ಬಾಯಿ ಒರೆಸಿದವಳು ಅವಳೇ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಆಮೇಲೆ ಹತ್ತು ವರ್ಷ ಅವರಿಬ್ಬರೂ ಅದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಬದುಕಿದರು. "ನಿಮ್ಮವ್ವಂಗೆ ಹೇಳು, ಹಿಟ್ಟು ಮುಗೀತು ಅಂತ" ಎನ್ನುತ್ತಿದ್ದಳು ದೊಡ್ಡಮ್ಮ. ಬಾಸುಂಡೆಗೆ ಎಣ್ಣೆಯನ್ನು ಅವರವರೇ ಹಚ್ಚಿಕೊಂಡರು. ಕೈಗೆ ಎಟುಕದ ಕಡೆ ಹಚ್ಚಿಕೊಳ್ಳಲಿಲ್ಲ.

ತಾತ ಎತ್ತಿಗೆ ಹೊಡೆಯಲು ಹೋಗಿ ಅದರ ಕೊಂಬಿಗೆ ಸಿಕ್ಕಿ ಸತ್ತ. ಮನೆ ಎರಡು ಭಾಗವಾಯಿತು. ದೊಡ್ಡಪ್ಪ ಕುಡಿದು ಕುಡಿದು ಹೋದ ಮೇಲೆ ದೊಡ್ಡಮ್ಮ ತನ್ನ ಭಾಗದಲ್ಲಿ ಮತ್ತೆ ಒಲೆ ಕಟ್ಟಿದಳು. ಊರಿನವರು ಬಂದು ನೋಡಿದರು, ಮೂಗಿನ ಮೇಲೆ ಬೆರಳಿಟ್ಟುಕೊಂಡರು, ನಮಗೂ ಒಂದು ಕಟ್ಟಿಕೊಡು ಎಂದರು. ಹಂಡೆ ಒಲೆ ಆದಮೇಲೆ ಅಡುಗೆ ಒಲೆಗೂ ಅದೇ ಬುದ್ಧಿ ಓಡಿಸಿದಳು. ಗುಬ್ಬಿಯಿಂದ ಕುಣಿಗಲ್‌ವರೆಗೆ ಅವಳಿಗೆ ಒಲೆ ಗೌರಮ್ಮ ಎಂದೇ ಹೆಸರಾಯಿತು. ಗೋಡೆಯ ಆಚೆಗಿದ್ದ ನಮ್ಮವ್ವನ ಒಲೆಗೆ ಮಾತ್ರ ಅವಳು ಕೈ ಹಚ್ಚಲಿಲ್ಲ. ಅವ್ವ ಕೆಮ್ಮುತ್ತಲೇ ಅಡುಗೆ ಮಾಡಿದಳು. ಕೆಮ್ಮು ಎದೆಗಿಳಿದು ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಗುಬ್ಬಿಯಲ್ಲಿ ಸಂಸಾರ ಹೂಡಿದ್ದೆ. ಒಲೆ ಕಟ್ಟಿಕೊಡಲು ದೊಡ್ಡಮ್ಮ ತಾನಾಗಿ ಬಂದಳು. ಅವಳು ಸಂದಿನಲ್ಲಿ ಎರಡು ಬೆರಳಿಟ್ಟು ಅಳತೆ ನೋಡುತ್ತಿದ್ದಾಗ ನಾನು ಅವಳಿಗೆ ಇನ್ನೂ ಕೇಳುತ್ತಿದ್ದ ಬಲಗಿವಿಯ ಕಡೆ ಕೂತು ಹೇಳಿಬಿಟ್ಟೆ. "ಅವತ್ತು ತಾತಂಗೆ ಹೇಳಿದ್ದು ನಾನು ದೊಡ್ಡಮ್ಮ."

ಬೆರಳು ಅಲ್ಲೇ ನಿಂತವು. ತಲೆ ಎತ್ತದೆ ಕೇಳಿದಳು, "ನಿಮ್ಮವ್ವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನಲ್ಲ ಅಕ್ಕ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು." ಮಣ್ಣಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ತಾನೇ ಅಂದಳು, "ಅಂದಿದ್ರೆ ನಾನು ನಿನ್ನ ಕೊಂದಾಕ್ಬುಡ್ತಿದ್ದೆ ಅಂತ ಅಂದ್ಕೊಂಡ್ಲೇನೋ. ಅವತ್ತಿನ ದಿನ ನಾನು ಕೊಂದಾಕ್ತಿದ್ನೋ ಏನೋ." ನನ್ನನ್ನು ಬಯ್ಯಲಿಲ್ಲ, ಮುಟ್ಟಲೂ ಇಲ್ಲ. ಒಲೆ ಮುಗಿಸಿ, ಊಟ ಮಾಡದೆ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಮುಂದಿನದನ್ನು ನನಗೆ ಹೇಳಿದ್ದು ಅಪ್ಪ. ಅವಳು ಬಸ್ಸಿಳಿದವಳು ತನ್ನ ಮನೆಗೆ ಹೋಗದೆ ನೇರ ನಮ್ಮ ಭಾಗಕ್ಕೆ ಬಂದಳಂತೆ. ಅವ್ವನ ಹಳೆಯ ಒಲೆಯನ್ನು ಕೈಯಲ್ಲೇ ಬಿಡಿಸಿ, ಹುತ್ತದ ಮಣ್ಣು ತಂದು ತುಳಿದು ಹೊಸದು ಕಟ್ಟಲು ಕೂತಳಂತೆ. ಅಪ್ಪ ಆಗ ಅದೇ ಊರಿನ ದಾಯಾದಿ ಚಿಕ್ಕಪ್ಪನೊಬ್ಬನ ಮನೆಯಲ್ಲಿ ಉಣ್ಣುತ್ತಿದ್ದ. ಆ ಅಡುಗೆಮನೆಯಲ್ಲಿ ಬೆಂಕಿ ಹೊತ್ತಿ ಎರಡು ವರ್ಷವಾಗಿತ್ತು. "ಇಲ್ಲಿ ಯಾರು ಬೇಯಿಸೋರು ಅತ್ಗೆ ಅಂತ ಕೇಳ್ದೆ. ಮಣ್ಣು ತುಳೀತಾನೇ ಇದ್ರು" ಎಂದ ಅಪ್ಪ. ಮಣ್ಣು ಒಣಗುವವರೆಗೂ ಎಂಟು ದಿನ ಬಂದು ನೋಡಿಹೋದಳು. ಒಂಬತ್ತನೆಯ ದಿನ ಬೆಳಗ್ಗೆ ಒಂದು ತಪ್ಪಲೆ ನೀರಿಟ್ಟು, ನಾಲ್ಕು ದಿಂಡು ಹೂಡಿ ಬೆಂಕಿ ಹಚ್ಚಿದಳು. ಗೋಡೆಗೆ ಒರಗಿ ಕೂತು, ತುಟಿಯೊಳಗೇ ಎಣಿಸುತ್ತಿದ್ದಳಂತೆ. ನೀರು ಕುದಿಯಿತು. ಒಳಗೆ ಒಂದಿಷ್ಟೂ ಹೊಗೆ ಇರಲಿಲ್ಲ. ಆದರೂ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ಕೆಂಡ ಆರುವವರೆಗೂ ಅಲ್ಲೇ ಕೂತಿದ್ದಳು.