ಇಬ್ಬರು ಓದಬೇಕಾದ ಕಾಗದ

ಮೊನ್ನೆ ಸಂಜೆ ಕಚೇರಿಯಿಂದ ಬರುವಾಗ ಜೇವರ್ಗಿಯ ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಮಕ್ಕಳಿಗೆಂದು ಹುರಿದ ಶೇಂಗಾ ಕೊಂಡೆ. ಹಳೆಯ ಸುದ್ದಿಪತ್ರಿಕೆಯ ಪೊಟ್ಟಣ. ಮನೆಯ ಪಡಸಾಲೆಯಲ್ಲಿ ಕುಳಿತು ಅದನ್ನು ಬಿಚ್ಚುತ್ತಿದ್ದಂತೆ, ಬಿಸಿ ಉಸುಕಿನಲ್ಲಿ ಹುರಿದ ಕಾಳಿನ ವಾಸನೆಯೊಂದಿಗೆ ಕಾಗದದ ಶಾಯಿಯ ವಾಸನೆಯೂ ಎದ್ದಿತು. ಮಕ್ಕಳಿಗೆ ಬೇಸಿಗೆ ರಜೆ ಆರಂಭವಾಗಿ ಒಂದು ವಾರವಾಗಿತ್ತು. ಶೇಂಗಾ ಮುಗಿದ ಮೇಲೆ ಕಾಗದವನ್ನು ಎಸೆಯಲು ನನಗೆ ಕೈ ಬರಲಿಲ್ಲ. ಮೊಣಕಾಲ ಮೇಲಿಟ್ಟು ಅಂಗೈಯಿಂದ ತೀಡಿ ಸುಕ್ಕು ಬಿಡಿಸಿದೆ. ಒಂಬತ್ತು ವರ್ಷದ ಮಗ ಮತ್ತು ಏಳು ವರ್ಷದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಗನಿಗೆ, "ನೀನು ಸ್ವಲ್ಪ ಒಳಗೆ ಹೋಗು" ಎಂದೆ.

"ಯಾಕ ಮಮ್ಮಿ?"

ಯಾಕೆಂದು ಆ ಕ್ಷಣ ನನಗೂ ಹೊಳೆಯಲಿಲ್ಲ... ಅದು ನನ್ನ ಮಾತಾಗಿರಲಿಲ್ಲ. ಅಪ್ಪನ ಮಾತಾಗಿತ್ತು.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಮ್ಮೂರು ಕೊಳಕೂರಿನಲ್ಲಿ ಪರರ ಹೊಲಗಳಲ್ಲಿ ದುಡಿಯುತ್ತಿದ್ದ. ತೊಗರಿ ರಾಶಿಯ ಕಾಲ ಬಂದರೆ ಜೇವರ್ಗಿಗೆ ಬಂದು ಚೀಲ ಹೊರುತ್ತಿದ್ದ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಕಡಿಮೆ. ನಮಗೂ ಆಗಲೇ ರಜೆ. ಹಾಗಾಗಿ ಶಾಲೆಯ ಪರೀಕ್ಷೆಗಳು ಮುಗಿದ ವಾರದಲ್ಲಿಯೇ ನನಗೆ ಮತ್ತು ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನಿಗೆ ಅಪ್ಪನ ಪರೀಕ್ಷೆಗಳು ಆರಂಭವಾಗುತ್ತಿದ್ದವು.

ಕಿರಾಣಿ ಅಂಗಡಿಯವನು ಬೆಲ್ಲವನ್ನೋ ಬೇಳೆಯನ್ನೋ ಕಟ್ಟಿಕೊಟ್ಟ ಕಾಗದವೇ ನಮ್ಮ ಪ್ರಶ್ನಪತ್ರಿಕೆ. ಸಂಜೆ ಬಿಸಿಲು ಇಳಿದ ಮೇಲೆ ಅಪ್ಪ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ತಮ್ಮನನ್ನು ಮನೆಯ ಹಿಂದೆ, ಆಡು ಕಟ್ಟುವ ಗೂಟದ ಬಳಿ ನಿಲ್ಲಲು ಕಳುಹಿಸಿ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಮೊದಲ ಸಾಲಿನ ಕೆಳಗೆ ತೋರುಬೆರಳು ಇಡುತ್ತಿದ್ದ. ನಾನು ಓದಿದ ಮೇಲೆ ಬೆರಳು ಎರಡನೆಯ ಸಾಲಿಗೆ ಇಳಿಯುತ್ತಿತ್ತು. ನಾನು ಓದುವಾಗ ಅವನ ಕಣ್ಣು ಕಾಗದದ ಮೇಲೆ ಇರುತ್ತಿರಲಿಲ್ಲ, ನನ್ನ ಮುಖದ ಮೇಲಿರುತ್ತಿತ್ತು. ಓದಿ ಮುಗಿಸಿದ ಮೇಲೆ ನೀರು ತರುವ ನೆಪದಲ್ಲಿ ನನ್ನನ್ನು ಹಿಂದಕ್ಕೆ ಕಳುಹಿಸಿ ತಮ್ಮನನ್ನು ಕರೆಯುತ್ತಿದ್ದ. ಅದೇ ಕಾಗದ, ಅದೇ ಬೆರಳು. ನಾನು ಓದಿದ ಪ್ರತಿಯೊಂದು ಪದವೂ ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಎರಡು ಓದುಗಳು ತಾಳೆಯಾಗಿ ಕೂಡಿದರೆ ಇಬ್ಬರಿಗೂ ಒಂದೊಂದು ಬೆಲ್ಲದ ಚೂರು. ಕೂಡದಿದ್ದರೆ ಬೆಲ್ಲ ಡಬ್ಬಿಗೆ ಮರಳುತ್ತಿತ್ತು.

"ಇಬ್ಬರೊಳಗ ಒಬ್ಬರು ಸುಳ್ಳ ಹೇಳಾಕತ್ತೀರಿ. ಯಾರಂಬೋದು ನನಗ ತಿಳ್ಯಂಗಿಲ್ಲ. ಅದಕ್ಕ ಇಬ್ಬರಿಗೂ ಇಲ್ಲ. ಒಂದ ಮಾತ ನೆನಪಿಟ್ಟುಕೋರಿ, ಓದಿನಾಗ ಸುಳ್ಳ ಹೇಳಿ ಸಿಕ್ಕಬಿದ್ದವರಿಗಿ ಸಾಲಿ ಬಂದ್. ಮರದಿನದಿಂದ ಹೊಲಕ್ಕ."

ಅವ್ವನಿಗೆ ಇದು ಸರಿಬರುತ್ತಿರಲಿಲ್ಲ. "ಮಾಸ್ತರು ಪಾಸ್ ಮಾಡ್ಯಾರ. ನಿಂದೇನು ಬ್ಯಾರೆ ಪರೀಕ್ಷಾ?" ಎಂದು ಒಮ್ಮೆ ಒಲೆಯ ಮುಂದಿನಿಂದಲೇ ಕೇಳಿದಳು.

"ಪಾಸ್ ಮಾಡ್ಯಾರಂತ ಕಾಗದದಾಗ ಬರದದ," ಎಂದ ಅಪ್ಪ. "ಆ ಕಾಗದ ನಮಗ ಓದಿ ಹೇಳಿದವರು ಯಾರು? ಇವರೇ!"

ಆ ಸಂಶಯಕ್ಕೆ ಒಂದು ಮೂಲವಿತ್ತು. ಅಪ್ಪನ ಒಬ್ಬಳೇ ತಂಗಿಯನ್ನು ಅಫಜಲಪುರದ ಕಡೆಗೆ ಕೊಟ್ಟಿದ್ದರು. ನಾನು ಇನ್ನೂ ಶಾಲೆಗೆ ಸೇರಿರದ ಕಾಲದಲ್ಲಿ ಅವಳ ಮನೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಪ್ಪ ಅದನ್ನು ಓದು ಬಲ್ಲ ಹಿರಿಯರೊಬ್ಬರ ಬಳಿಗೆ ಒಯ್ದ. ಅವರು ಬಿಡಿಸಿ ನೋಡಿ, "ಎಲ್ಲಾರೂ ಕ್ಷೇಮ ಅದಾರಂತ. ನೀವೂ ಕ್ಷೇಮ ಇರ್ರಿ ಅಂದಾರ" ಎಂದು ಹೇಳಿ ಮಡಚಿ ಕೊಟ್ಟರು. ಹನ್ನೆರಡು ದಿನಗಳ ಅನಂತರ ಅವಳು ತೀರಿಕೊಂಡ ಸುದ್ದಿ ಬಂತು. ಆಮೇಲೆ ಬೇರೊಬ್ಬರಿಂದ ಓದಿಸಿದಾಗ ತಿಳಿಯಿತು: ಎಲ್ಲ ಪತ್ರಗಳಂತೆ ಆ ಪತ್ರದ ಮೊದಲ ಸಾಲಿನಲ್ಲಿಯೂ ಕ್ಷೇಮವೇ ಇತ್ತು. ಅದರ ಕೆಳಗೆ, ಜ್ವರ ಇಳಿಯುತ್ತಿಲ್ಲ, ಅಣ್ಣನನ್ನು ನೋಡಬೇಕೆನ್ನುತ್ತಿದ್ದಾಳೆ, ಬೇಗ ಬನ್ನಿ ಎಂದು ಪುಟ ತುಂಬ ಬರೆದಿತ್ತು. ಆ ಹಿರಿಯರಿಗೆ ಅವಸರವಿತ್ತೋ, ಒಂದು ಸಾಲಿಗಿಂತ ಹೆಚ್ಚು ಓದಲು ಬರುತ್ತಿರಲಿಲ್ಲವೋ, ಬರುತ್ತಿದ್ದರೂ ಹೇಳಲು ಬಾಯಿ ಬರಲಿಲ್ಲವೋ... ಅಪ್ಪ ಅವರೊಡನೆ ಎಂದೂ ಜಗಳವಾಡಲಿಲ್ಲ. ಆದರೆ ಅಂದಿನಿಂದ ಒಬ್ಬರ ಓದು ಅವನ ಪಾಲಿಗೆ ಓದೇ ಆಗಿರಲಿಲ್ಲ. ಸಾಲುಗಳನ್ನು ಬೆರಳಿನಿಂದ ಎಣಿಸುವುದನ್ನು ಅವನು ಕಲಿತದ್ದೂ ಅಂದಿನಿಂದಲೇ.

ತಮ್ಮನಿಗೆ ಒತ್ತಕ್ಷರಗಳು ಬರುತ್ತಿರಲಿಲ್ಲ. ಹೀಗಾಗಿ ನಮ್ಮ ಓದುಗಳು ಮೇಲಿಂದ ಮೇಲೆ ಕೂಡದೆ ಹೋಗಿ, ನಾನು ಸರಿಯಾಗಿ ಓದಿದರೂ ಬೆಲ್ಲ ತಪ್ಪುತ್ತಿತ್ತು. ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡೆ. ನೀರಿಗೆಂದು ಹಿಂದಕ್ಕೆ ಹೋಗುವಾಗ, ಗೋಡೆಯ ಮೂಲೆಯಲ್ಲಿ ತಮ್ಮ ಎದುರಾಗುವ ಆ ಎರಡು ಹೆಜ್ಜೆಗಳಲ್ಲಿ, ಓದಿದ್ದನ್ನು ಅವನ ಕಿವಿಯಲ್ಲಿ ಹೇಳಿಬಿಡುತ್ತಿದ್ದೆ. ಅಂದಿನಿಂದ ನಮ್ಮ ಓದುಗಳು ಅಚ್ಚೊತ್ತಿದಂತೆ ಕೂಡತೊಡಗಿದವು. ಅಪ್ಪನಿಗೆ ಸಂತೋಷವಾಗಬಹುದೆಂದು ಭಾವಿಸಿದ್ದೆ. ಅವನು ಬೆಲ್ಲ ಕೊಡುತ್ತ, "ಇಷ್ಟ ಬರೋಬರಿ ಹ್ಯಾಂಗ ಕೂಡತದ?" ಎಂದು ನಮ್ಮಿಬ್ಬರ ಮುಖಗಳನ್ನು ಒಂದೊಂದಾಗಿ ನೋಡಿದ. ಆ ದಿನದ ಬೆಲ್ಲವನ್ನು ನಾವು ಕಚ್ಚದೆ ನುಂಗಿದೆವು.

ಅದೇ ಮೇ ತಿಂಗಳ ಕಡೆಯ ವಾರ ಅಂಚೆಯವರು ಒಂದು ಲಕೋಟೆ ಕೊಟ್ಟು ಹೋದರು. ಶಾಲೆಯ ಗುರುಗಳ ಒತ್ತಾಯಕ್ಕೆ ನಾನು ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆ ಬರೆದಿದ್ದೆ. ಆಳಂದದ ಆ ಶಾಲೆಗೆ ನಾನು ಆಯ್ಕೆಯಾಗಿರುವುದಾಗಿಯೂ, ಜೂನ್ ಮೊದಲ ವಾರ ಹಾಸಿಗೆ ಮತ್ತು ಪ್ರಮಾಣಪತ್ರಗಳೊಂದಿಗೆ ತಂದೆಯವರ ಜೊತೆ ಹಾಜರಾಗಬೇಕೆಂದೂ ಬರೆದಿತ್ತು. ಬಾಗಿಲ ಹಿಂದೆ ನಿಂತು ಎರಡು ಬಾರಿ ಓದಿದೆ. ಆಳಂದವನ್ನು ನಾನು ನೋಡಿರಲಿಲ್ಲ. ಕಲಬುರಗಿಯನ್ನೂ ದಾಟಿ, ಮಹಾರಾಷ್ಟ್ರದ ಗಡಿಯ ಹತ್ತಿರ ಇದೆ ಎಂದಷ್ಟೇ ತಿಳಿದಿತ್ತು. ಅಲ್ಲಿ ಸಂಜೆಯಾದರೆ ಗೇಟಿಗೆ ಕೀಲಿ ಹಾಕುತ್ತಾರೆ, ಅತ್ತರೂ ಬಿಡುವುದಿಲ್ಲ ಎಂದು ಓಣಿಯ ಹುಡುಗಿಯೊಬ್ಬಳು ಹೇಳಿದ್ದಳು. ನನಗೆ ಹೋಗುವುದು ಬೇಡವಾಗಿತ್ತು. ಅವ್ವನ ಮಗ್ಗುಲು ಬಿಟ್ಟು ನಾನು ಎಂದೂ ಮಲಗಿದವಳಲ್ಲ.

ಸಂಜೆ ಬೇವಿನ ಗಿಡದ ಕೆಳಗೆ ಅಪ್ಪ ಲಕೋಟೆಯನ್ನು ನನ್ನ ಮುಂದೆ ಇಟ್ಟ. ನಾನು ಒಳಗಿನ ಕಾಗದ ಬಿಡಿಸಿ, ಅವನ ಬೆರಳು ಬರುವ ಮೊದಲೇ ಹೇಳಿಬಿಟ್ಟೆ: "ಈ ಸಲ ಸೀಟ್ ಇಲ್ಲ ಅಂತ ಬರದಾರ, ಯಪ್ಪಾ."

ಗೋಡೆಯ ಮೂಲೆಯಲ್ಲಿ ತಮ್ಮನಿಗೂ ಅದನ್ನೇ ಹೇಳಿದೆ. ಅವನು ಹೋಗಿ ನನ್ನದೇ ಧಾಟಿಯಲ್ಲಿ, ನಾನು ಉಸಿರು ನಿಲ್ಲಿಸಿದಲ್ಲಿಯೇ ನಿಲ್ಲಿಸಿ ಒಪ್ಪಿಸಿದ. ಅಪ್ಪ ಮೊದಲ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲನೆ ಕೆಳಗಿಳಿಸಿದ. ಒಂಬತ್ತು ಸಾಲುಗಳಿದ್ದವು.

"ಇಲ್ಲ ಅನ್ನಾಕ ಇಷ್ಟ ಸಾಲ ಬೇಕೇನ್ ಬೇ?"

"ಸರ್ಕಾರದವರು ಹಂಗೇ ಬರೀತಾರ, ಯಪ್ಪಾ" ಎಂದೆ. ಅಂದು ಸುಳ್ಳಾಗಿ ಆಡಿದ ಆ ಮಾತು ಒಂದು ಅರ್ಥದಲ್ಲಿ ನಿಜವಾಯಿತು. ಈಗ ನಾನೇ ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಕುಳಿತು, ಇಲ್ಲ ಎನ್ನುವುದನ್ನು ಒಂಬತ್ತು ಸಾಲುಗಳಲ್ಲಿ ಬರೆಯುತ್ತೇನೆ.

ಮರುದಿನ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ಲಕೋಟೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೋದ. ಎಲ್ಲಿಗೆಂದು ಅವ್ವನಿಗೂ ಹೇಳಿರಲಿಲ್ಲ. ಆ ಇಡೀ ದಿನ ತಮ್ಮನೂ ನಾನೂ ಒಬ್ಬರನ್ನೊಬ್ಬರು ಕಳ್ಳರಂತೆ ನೋಡುತ್ತ ಕಳೆದೆವು.

"ನೀ ಏನರೆ ಹೇಳಿದಿ?" ಎಂದು ಅವನನ್ನು ಆಡಿನ ಗೂಟದ ಬಳಿ ಹಿಡಿದು ಕೇಳಿದೆ.

"ನಾ ಯಾಕ ಹೇಳ್ಲಿ? ನಿನ್ನ ಮಾರಿ ನೋಡಿದ್ರ ಆಡಿಗೂ ಗೊತ್ತಾಗ್ತದ, ಅಕ್ಕಾ."

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಕಾಲು ತೊಳೆದುಕೊಂಡು, ಒಂದು ಚೆಂಬು ನೀರು ಕುಡಿದು ಕುಳಿತ. ಮೊದಲ ಬಾರಿಗೆ ಇಬ್ಬರನ್ನೂ ಒಟ್ಟಿಗೆ ಕರೆದ.

"ಆಳಂದಕ್ಕ ಹೋಗಿದ್ದೆ. ಬಸ್ ಸ್ಟ್ಯಾಂಡಿನಾಗ ಒಬ್ಬ ಕಾಲೇಜ್ ಹುಡುಗನ ಕಡಿ ಓದಿಸಿದೆ. ಚಾದ ಅಂಗಡ್ಯಾಗ ಕನ್ನಡಕದ ಹಿರ್ಯಾನ ಕಡಿ ಓದಿಸಿದೆ. ಆಮ್ಯಾಲ ಆ ಸಾಲಿ ಆಫೀಸಿನಾಗ ಒಬ್ಬರು ಟೀಚರ್ ಬಾಯಾರ ಕಡಿ. ಒಬ್ಬರು ಓದಿದ್ದು ಇನ್ನೊಬ್ಬರಿಗಿ ಹೇಳಿಲ್ಲ ನಾ. ಮೂರೂ ಮಂದಿ ಒಂದೇ ಮಾತ ಅಂದಾರ. ಮನ್ಯಾಗಿನ ಇಬ್ಬರು ಬ್ಯಾರೆ ಅಂದೀರಿ. ಎರಡಕಿಂತ ಮೂರ ದೊಡ್ಡದು. ಇಷ್ಟ ಲೆಕ್ಕ ನನಗೂ ಬರ್ತದ."

ನಾಳೆಯಿಂದ ಹೊಲ ಎಂಬುದು ಖಚಿತವಾಗಿತ್ತು. ಬೇಡವೆಂದು ತಳ್ಳಿದ ಶಾಲೆ ಪೂರ್ತಿಯಾಗಿಯೇ ಕೈಬಿಟ್ಟು ಹೋಗುತ್ತಿದೆ ಎನಿಸಿದಾಗ ಅದು ಬೇಕೆನಿಸಿತು. ತಮ್ಮ ನನಗಿಂತ ಮೊದಲು ಅಳತೊಡಗಿದ. "ಸುಳ್ಳ ಹೇಳಿದವರಿಗಿ ಸಾಲಿ ಬಂದ್ ಅಂದಿದ್ಯಲ್ಲಾ, ಯಪ್ಪಾ... ಅಕ್ಕನ ಸಾಲಿ ಬಂದ್ ಏನು?"

"ಇಕಿ ಸುಳ್ಳ ಹೇಳಿದ್ದೇ ಸಾಲಿಗಿ ಹೋಗೋದು ತಪ್ಪಲಿ ಅಂತ. ಬಂದ್ ಮಾಡಿದ್ರ ಇನಾಮು ಕೊಟ್ಟಂಗ ಆಗ್ತದ. ಇಕಿಗಿ ಶಿಕ್ಷಾ ಅಂದ್ರ ಓದೋದು. ಆಳಂದಕ್ಕ ಹೋಗಿ ಓದಬೇಕು." ಅಪ್ಪ ತಮ್ಮನ ಕಡೆಗೆ ತಿರುಗಿದ. "ನಿನ್ನ ಶಿಕ್ಷಾ ಬ್ಯಾರೆ. ಅಕ್ಕನ ಕಾಗದ ಬಂದಾಗ ನೀನೇ ಓದಿ ಹೇಳಬೇಕು. ಗ್ವಾಡಿ ಮೂಲ್ಯಾಗ ನಿಂತು ಕಿವ್ಯಾಗ ಹೇಳಾಕ ಆಗ ಯಾರೂ ಇರಂಗಿಲ್ಲ."

ನಾವಿಬ್ಬರೂ ತಲೆ ತಗ್ಗಿಸಿದೆವು. ಗೋಡೆಯ ಮೂಲೆಯ ವಿಷಯ ಅವನಿಗೆ ಎಂದಿನಿಂದ ತಿಳಿದಿತ್ತೋ... ಕೇಳುವ ಧೈರ್ಯ ನಮಗೆ ಎಂದೂ ಬರಲಿಲ್ಲ.

ಜೂನ್‌ನಲ್ಲಿ ಅಪ್ಪ ನನ್ನ ಹಾಸಿಗೆಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಆಳಂದದ ಆ ಗೇಟಿನವರೆಗೆ ಬಂದ. ಅಳಬೇಡ ಎಂದಾಗಲಿ, ಚೆನ್ನಾಗಿ ಓದು ಎಂದಾಗಲಿ ಹೇಳಲಿಲ್ಲ. "ಕಾಗದ ಬರಿ. ಕ್ಷೇಮ ಅಂತ ಮೊದಲ ಬರೀಬ್ಯಾಡ, ಕಡೀಕ ಬರಿ. ಅಂದ್ರ ಓದೋರು ಕಡೀತನಕ ಓದಬೇಕಾಗ್ತದ" ಎಂದ. ನಾನು ಹಾಗೆಯೇ ಬರೆದೆ. ತಮ್ಮ ಓದುತ್ತಿದ್ದ, ಅವನು ಓದಿದ ಮೇಲೆ ಅಪ್ಪ ಅದೇ ಪತ್ರವನ್ನು ಅಂಚೆಯವರಿಂದಲೋ ಗುರುಗಳಿಂದಲೋ ಮತ್ತೊಮ್ಮೆ ಓದಿಸುತ್ತಿದ್ದ. ನನ್ನ ಪ್ರತಿಯೊಂದು ವಾಕ್ಯವೂ ಎರಡು ಬಾಯಿಗಳನ್ನು ದಾಟಿ ಅವನಿಗೆ ತಲುಪಬೇಕಾಗಿತ್ತು. ತಪ್ಪು ಬರೆದರೆ ತಮ್ಮನ ಓದಿನ ಮೇಲೆ ಸಂಶಯ ಬರುತ್ತದೆಂಬ ಭಯದಿಂದ ಒಂದೊಂದು ಅಕ್ಷರವನ್ನೂ ತೂಗಿ ಬರೆಯುತ್ತಿದ್ದೆ. ಆ ಭಯ ಪದವಿ ಮುಗಿದ ಮೇಲೂ, ನೌಕರಿ ದೊರೆತ ಮೇಲೂ ಹೋಗಲಿಲ್ಲ. ತಮ್ಮ ಮಾತ್ರ ಒತ್ತಕ್ಷರಗಳನ್ನು ಆ ಪತ್ರಗಳಿಂದಲೇ ಕಲಿತ.

ಆರು ವರ್ಷಗಳ ಹಿಂದೆ ಅಪ್ಪ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದ. ತಪಾಸಣೆಯ ವರದಿ ಇಂಗ್ಲಿಷಿನಲ್ಲಿತ್ತು. ವೈದ್ಯರು ನಮ್ಮಿಬ್ಬರನ್ನು ಹೊರಗೆ ಕರೆದು, ಇನ್ನು ಕೆಲವೇ ತಿಂಗಳು ಎಂದು ತಿಳಿಸಿದ್ದರು. ಒಳಗೆ ಹೋದೊಡನೆ ಅಪ್ಪ ನನಗೆ, "ಓದು" ಎಂದ. ನಾನು ಓದಿದೆ: ಹೊಟ್ಟೆಯಲ್ಲಿ ಹುಣ್ಣಾಗಿದೆ, ಔಷಧದಿಂದ ವಾಸಿಯಾಗುತ್ತದೆ. ಅವನು ನನ್ನನ್ನು ನೀರಿಗೆ ಕಳುಹಿಸಿ ತಮ್ಮನನ್ನು ಕರೆದ. ಬಾಗಿಲಲ್ಲಿ ತಮ್ಮ ಎದುರಾದ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ ನಾನು ಮತ್ತೆ ಅವನ ಕಿವಿಯಲ್ಲಿ ಹೇಳಿದೆ.

ನೀರು ತಂದಾಗ ಅಪ್ಪ ವರದಿಯನ್ನು ಎದೆಯ ಮೇಲೆ ಹರಡಿಕೊಂಡಿದ್ದ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಪುಟದ ಅಂಚಿಗೆ ಬಂದು ನಿಂತಿತು.

"ಬಾಳ ಸಾಲ ಅದಾವಲ್ಲ" ಎಂದ.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಲೆದಿಂಬಿನ ಕೆಳಗೆ ಸರಿಸಿದ. "ಇರ್ಲಿ. ಇಬ್ಬರೂ ಬರೋಬರಿ ಓದೀರಿ. ಇನ್ನ ನಾ ಆಳಂದಕ್ಕ ಹೋಗಂಗಿಲ್ಲ."

ಮುಂದಿನ ಬೇಸಿಗೆಗೆ ಅವನಿರಲಿಲ್ಲ...

ಮೊನ್ನೆ ಸಂಜೆ, ಮಗ ಒಳಗೆ ಹೋದ ಮೇಲೆ ಮಗಳು ಆ ಶೇಂಗಾದ ಕಾಗದವನ್ನು ತಡವರಿಸುತ್ತ ಓದಿದಳು. ಒಂದು ಊರಿಗೆ ಹೊಸ ಬಸ್ಸು ಬಂದ ಸುದ್ದಿ. ಕಠಿಣವಾದ ಪದಗಳನ್ನು ಹಾರಿಸಿ ತನಗೆ ತೋಚಿದ್ದನ್ನು ಸೇರಿಸಿದಳು; ಬಸ್ಸಿನಲ್ಲಿ ಮೇಕೆಗಳಿಗೂ ಸೀಟು ಕೊಟ್ಟಳು. ನಾನು ಅವಳನ್ನು ನೀರಿಗೆ ಕಳುಹಿಸಿದೆ. ಬಾಗಿಲ ಪರದೆಯ ಹಿಂದೆ ಪಿಸುಮಾತು ಕೇಳಿಸಿತು. ಮಗ ಬಂದು, ತನಗೆ ಸರಿಯಾಗಿ ಓದಲು ಬರುತ್ತಿದ್ದರೂ, ತಂಗಿಯ ಮೇಕೆಗಳನ್ನು ಒಂದೂ ಬಿಡದಂತೆ ಬಸ್ಸಿಗೆ ಹತ್ತಿಸಿದ.

"ಇಷ್ಟೇ ಏನು?" ಎಂದೆ.

"ಇಷ್ಟೇ ಬರದಾರ, ಮಮ್ಮಿ."

ನನಗೆ ಓದಲು ಬರುತ್ತದೆ. ಆದರೂ ನನ್ನ ಬೆರಳು ತಾನಾಗಿಯೇ ಹನ್ನೊಂದು ಸಾಲುಗಳ ಮೇಲೆ ಇಳಿಯಿತು. ಅಡುಗೆಮನೆಗೆ ಹೋಗಿ ಇಬ್ಬರಿಗೂ ಒಂದೊಂದು ಬೆಲ್ಲದ ಚೂರು ತಂದುಕೊಟ್ಟೆ. ಅವರು ಅದನ್ನು ಬಾಯಿಗೆ ಹಾಕಿಕೊಳ್ಳದೆ ಒಬ್ಬರ ಮುಖವನ್ನೊಬ್ಬರು ನೋಡಿದರು.

ಮರುದಿನ, ಕೈಯಲ್ಲಿ ಫೋನು ಇದ್ದರೂ, ತಮ್ಮನಿಗೆ ಪತ್ರ ಬರೆಯಲು ಕುಳಿತೆ. ಮೇಕೆಗಳ ವಿಷಯವನ್ನೂ ಬೆಲ್ಲದ ವಿಷಯವನ್ನೂ ಬರೆದೆ. ಅಪ್ಪ ಹೇಳಿದ್ದ ಜಾಗದಲ್ಲಿಯೇ, ಕಡೆಯ ಸಾಲಿನಲ್ಲಿ, "ಇಲ್ಲಿ ನಾವು ಎಲ್ಲರೂ ಕ್ಷೇಮ" ಎಂದು ಬರೆದು ಮೊದಲಿನಿಂದ ಓದಿ ನೋಡಿದೆ. ಅಪ್ಪನಿಲ್ಲದ ಮೇಲೆ ಒಂದು ಪದ ಸರಿಯಿಲ್ಲವೆನಿಸಿತು. "ಎಲ್ಲರೂ" ಎಂಬುದನ್ನು ಹೊಡೆದುಹಾಕಿ, "ಉಳಿದವರು" ಎಂದು ತಿದ್ದಿದೆ.